ಅರ್ಧ ಅಂಕ

2016ರ ಬೇಸಿಗೆ ರಜೆಯಲ್ಲಿ ಮೈಸೂರಿನಲ್ಲಿ ನಡೆದ ಒಂದು ರೇಟಿಂಗ್ ಟೂರ್ನಿಯ ಈ ಸಂಗತಿಯನ್ನು ನಾನು ಮನೆಯಲ್ಲಿಯೂ ಹೇಳಿರಲಿಲ್ಲ. ಶಾಲೆಯಲ್ಲಿ ನನ್ನಿಂದ ಚದುರಂಗ ಕಲಿತವರು ಓದುವಿರೆಂದೇ ಈಗ ಬರೆಯುತ್ತಿದ್ದೇನೆ.

ಸ್ವಿಸ್ ಪದ್ಧತಿಯ ಮೊದಲ ಸುತ್ತಿನಲ್ಲಿ ರೇಟಿಂಗ್ ಪಟ್ಟಿಯ ಮೇಲಿನ ಅರ್ಧದವರಿಗೆ ಕೆಳಗಿನ ಅರ್ಧದವರು ಎದುರಾಳಿಗಳು. ನನ್ನದು 1586, ನನಗೆ ಜೋಡಿಯಾದ ಒಂಬತ್ತು ವರ್ಷದ ಹುಡುಗಿಯದು 1186. ಅಂತರ 400 ಇದ್ದರೆ, ಫಿಡೆಯ ಕೋಷ್ಟಕದ ಪ್ರಕಾರ ನೂರು ಆಟಗಳಲ್ಲಿ ಮೇಲಿನವನಿಗೆ 92 ಅಂಕ ಸಲ್ಲಬೇಕು. ಕುರ್ಚಿ ತಗ್ಗಾಯಿತೆಂದು ಅವಳು ಅದರ ಮೇಲೆ ಮಂಡಿಯೂರಿ ಕುಳಿತಿದ್ದಳು.

ಮೂರು ಗಂಟೆಯ ನಂತರ ಪಟದ ಮೇಲೆ ಉಳಿದದ್ದು ಇಬ್ಬರು ರಾಜರು, ಇಬ್ಬರಿಗೂ ಒಂದೊಂದು ಆನೆ, ಏಳನೆಯ ಸಾಲು ತಲುಪಿದ್ದ ಅವಳ ಒಂದು ಕಾಲಾಳು. ಅದರ ಮುಂದಿನ ಮನೆಯಲ್ಲಿ ಅವಳದೇ ರಾಜ. ನನ್ನ ರಾಜನಿಗೆ ಹತ್ತಿರ ಸುಳಿಯಲು ದಾರಿಯಿಲ್ಲ. ಲುಸೆನಾ ಸ್ಥಿತಿ! ನಾನು ಕಪ್ಪುಹಲಗೆಯ ಮೇಲೆ ಬರೆದು ತೋರಿಸುತ್ತಿದ್ದದ್ದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು: ಆನೆಯನ್ನು ನಾಲ್ಕನೆಯ ಸಾಲಿಗೆ ತಂದು, ರಾಜನನ್ನು ಹೊರಗೆ ಬಿಟ್ಟು, ಎದುರಾಳಿಯ ಚೆಕ್‌ಗಳಿಗೆ ಆ ಆನೆಯನ್ನೇ ಅಡ್ಡವಿಡುವುದು. ಹುಡುಗಿಯ ಕಣ್ಣು ಆಗಲೇ ನಾಲ್ಕನೆಯ ಸಾಲಿನ ಮೇಲಿತ್ತು.

ನಾನು ನನ್ನ ನಡೆ ನಡೆಸಿ, "ಡ್ರಾ ಮಾಡಿಕೊಳ್ಳೋಣವೇ ಮಗೂ?" ಎಂದು ಕೇಳಿ ಗಡಿಯಾರ ಒತ್ತಿದೆ. ನಿಯಮದಂತೆ ಪ್ರಸ್ತಾಪ ಮಾಡುವ ಕ್ರಮ ಇದೇ; ತಪ್ಪೇನಿಲ್ಲ. ಆದರೆ ನಾನು ಕೇಳಿದ್ದು ತರಗತಿಯ ದನಿಯಲ್ಲಿ. ಅವಳು ಪಟವನ್ನು ನೋಡಿದಳು, ನನ್ನ ಮುಖವನ್ನು ನೋಡಿದಳು. "ಸರಿ ತಾತ" ಎಂದು ಕೈ ನೀಡಿದಳು.

2004ರಲ್ಲಿ ರೇಕ್ಯಾವಿಕ್‌ನಲ್ಲಿ ಹದಿಮೂರರ ಕಾರ್ಲ್‌ಸನ್ ಎದುರು ಕಾಸ್ಪರೋವ್ ಕೂಡ ಸೋಲಿನ ಅಂಚಿನಿಂದ ಡ್ರಾ ಮಾಡಿಕೊಂಡರು. ಅವರು ಅದನ್ನು ಆಡಿ ಪಡೆದರು, ವಯಸ್ಸು ತೋರಿಸಿ ಅಲ್ಲ.

ಹೊರಗೆ ಅವಳ ತಾಯಿ ನಗುತ್ತಲೇ ಹೇಳಿದರು: "ದೊಡ್ಡವರು ಕೇಳಿದಾಗ ಇಲ್ಲ ಅನ್ನಬಾರದು ಅಂತ ಒಪ್ಪಿಕೊಂಡಳಂತೆ ಸಾರ್." ಮಗಳು ಗೆಲ್ಲುತ್ತಿದ್ದಳೆಂದು ನಾನು ಹೇಳಲಿಲ್ಲ. ಬಸ್ಸಿನಲ್ಲಿ ಲೆಕ್ಕ ಹಾಕಿದೆ. ಸೋತಿದ್ದರೆ ನನಗೆ 18.4 ನಷ್ಟವಾಗುತ್ತಿತ್ತು, ಆದದ್ದು 8.4. ಮಕ್ಕಳ ರೇಟಿಂಗ್‌ಗೆ ಗುಣಕ ಇಮ್ಮಡಿ, ಅವಳಿಗೆ 36.8 ಬರಬೇಕಿದ್ದಲ್ಲಿ ಬಂದದ್ದು 16.8. ನನ್ನ ಹತ್ತು ಉಳಿಸಿಕೊಳ್ಳಲು ಅವಳ ಇಪ್ಪತ್ತನ್ನು ತೆಗೆದುಕೊಂಡಿದ್ದೆ.

ಆ ಆಟದ ಹಾಳೆ ಇನ್ನೂ ನನ್ನ ಬಳಿ ಇದೆ. ಕೊನೆಯಲ್ಲಿ ಇಬ್ಬರ ಸಹಿ. ನನ್ನದು ಯಾರಿಗೂ ಓದಲಾಗದ ಗೀಚು. ಅವಳದು ಇನಿಷಿಯಲ್ ಸಮೇತ ಪೂರ್ತಿ ಹೆಸರು, ದುಂಡಗಿನ ಅಕ್ಷರಗಳಲ್ಲಿ.