ಹಂಚಿಕೊಂಡ ಭಾನುವಾರ



'ವಾರಾಂತ್ಯ' ಎಂಬ ಪದ ನಮ್ಮ ನಿತ್ಯದ ಮಾತಿಗೆ ಸೇರಿ ಬಹಳ ಕಾಲವಾಗಿಲ್ಲ. ನಮ್ಮ ಹಿರಿಯರು ವಾರವನ್ನು ಸಂತೆಯಿಂದ ಸಂತೆಗೆ ಎಣಿಸುತ್ತಿದ್ದರು. ಅಕ್ಕಿ, ಉಪ್ಪು, ಒಣಮೀನು ಎಲ್ಲವೂ ಸಂತೆಯಿಂದ ಸಂತೆಗೆ. ಅಂಗಡಿಯ ಸಾಲವೂ ಸಂತೆಯಿಂದ ಸಂತೆಗೆ. ಈಗ ಎಣಿಕೆ ಬದಲಾಗಿದೆ. ಶನಿವಾರ ಬಂತೆಂದರೆ ಬೆಂಗಳೂರಿನ ಕಡೆಯ ಕಾರುಗಳು ಮೂಡಿಗೆರೆಯನ್ನು ದಾಟಿ, ರಾಷ್ಟ್ರೀಯ ಹೆದ್ದಾರಿ 73ರಲ್ಲಿ ಬಣಕಲ್ ಮೇಲಾಗಿ ಕೊಟ್ಟಿಗೆಹಾರದತ್ತ ಸಾಲುಗಟ್ಟುತ್ತವೆ. ಕೆಲವರು ಚಾರ್ಮಾಡಿ ಘಾಟಿಯ ಮಂಜಿಗೆ, ಕೆಲವರು ದೇವರಮನೆಯ ಬೆಟ್ಟಕ್ಕೆ, ಕೆಲವರು ಬಲ್ಲಾಳರಾಯನ ದುರ್ಗಕ್ಕೆ, ಉಳಿದವರು ತೋಟಗಳ ನಡುವಿನ ಹೋಂಸ್ಟೇಗಳಿಗೆ. ಕೊಟ್ಟಿಗೆಹಾರದಲ್ಲಿ ಇಳಿದು ಬಿಸಿ ನೀರುದೋಸೆ ತಿನ್ನದೆ ಮುಂದೆ ಹೋಗುವವರು ಕಡಿಮೆ.

ಇವರನ್ನು ಕಂಡು ನಾವು ಹಗುರವಾಗಿ ಮಾತನಾಡಬೇಕಾಗಿಲ್ಲ. ವಾರವಿಡೀ ಕಂಪ್ಯೂಟರಿನ ಮುಂದೆ ಕುಳಿತು ದಣಿದ ಕಣ್ಣಿಗೆ ಹಸಿರು ಬೇಕು, ವಾಹನಗಳ ಗದ್ದಲದಲ್ಲಿ ಬೆಂದ ಕಿವಿಗೆ ಮೌನ ಬೇಕು. ಆದರೆ ನಮ್ಮನ್ನು ನಾವೇ ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ. ಅವರು ಇನ್ನೂರು ಮುನ್ನೂರು ಕಿಲೋಮೀಟರ್ ದೂರದಿಂದ ಅರಸಿ ಬರುವ ಆ ಬಿಡುವು, ಇಲ್ಲೇ ಬಾಳುವ ನಮಗೆ ದಕ್ಕಿದೆಯೇ? ದಕ್ಕಿದ್ದರೆ ಅದು ನಮ್ಮಲ್ಲಿ ಯಾರ ಯಾರ ಪಾಲಿಗೆ ದಕ್ಕಿದೆ?

ಮೊದಲು ಇರುವುದನ್ನು ಸಂತೋಷದಿಂದ ಎಣಿಸೋಣ. ಬಣಕಲ್ ಸೀಮೆಯ ಬಿಡುವಿನ ದಿನದ ಸುಖಗಳು ಬಹಳ ಸಣ್ಣವು, ಆದ್ದರಿಂದಲೇ ಕೈಗೆಟಕುವಂಥವು. ಬಟವಾಡೆಯಾದ ಸಂಜೆ ತೋಟದ ಲೈನ್ ಮನೆಗಳ ಕಡೆ ನಡೆದು ನೋಡಿ. ಒಂದು ಮನೆಯಿಂದ ಮೀನು ಹುರಿಯುವ ವಾಸನೆ, ಇನ್ನೊಂದರಿಂದ ರೇಡಿಯೋ ಹಾಡು, ಮತ್ತೊಂದರ ಬಾಗಿಲಲ್ಲಿ ಬನ್ನು, ಖಾರಾ ಮಿಕ್ಸ್ಚರಿನ ಪೊಟ್ಟಣ ಹಿಡಿದು ಅಪ್ಪನ ಹಿಂದೆ ಓಡಿ ಬರುವ ಮಕ್ಕಳು. ಭಾನುವಾರದ ಬೆಳಗೆಂದರೆ ಹಂಡೆ ತುಂಬ ಕಾದ ನೀರು. ಬಚ್ಚಲ ಒಲೆಗೆ ಕಸಿ ಮಾಡಿದ ಕಾಫಿ ಗಿಡದ ಒಣ ರೆಂಬೆ, ತಲೆಗೆ ಎಣ್ಣೆ, ಸೀಗೆಪುಡಿ. ಮಿಂದು ಬಂದವರಿಗೆ ಬೆಲ್ಲದ ಕಾಫಿ. ದೇವಾಲಯದ ಗಂಟೆ ಕೇಳಿದ ಮೇಲೂ ಬಾಚಣಿಗೆ ಸಿಗದೆ ಹುಡುಕುವ ಹುಡುಗಿಯರು. ಬಲಿಪೂಜೆ ಮುಗಿದು ಹೊರಗೆ ಬಂದವರು ಒಡನೆಯೇ ಮನೆಗೆ ಹೊರಡುವುದಿಲ್ಲ. ಕಾಫಿಯ ಧಾರಣೆ ಏರಿತೇ ಇಳಿಯಿತೇ, ಮೆಣಸಿನ ಬಳ್ಳಿಗೆ ಸೊರಗು ರೋಗ ಬಂತೇ, ಕಾಡಾನೆ ಯಾರ ತೋಟ ಹೊಕ್ಕಿತು, ಯಾರ ಮಗಳಿಗೆ ನೆಂಟಸ್ತಿಕೆ ಬಂತು ಎಂಬುದೆಲ್ಲ ಅಂಗಳದಲ್ಲೇ ಇತ್ಯರ್ಥವಾಗಬೇಕು. ಗುರುಗಳ ಪ್ರಬೋಧನೆ ಮರೆತರೂ ಈ ಮಾತುಕತೆಯನ್ನು ಯಾರೂ ಮರೆಯುವುದಿಲ್ಲ!

ಅಷ್ಟರಲ್ಲಿ ಘಟ್ಟದ ಕೆಳಗಿನಿಂದ ಮೀನಿನ ಗಾಡಿ ಬಂದಿರುತ್ತದೆ. ಬಂಗುಡೆ, ಭೂತಾಯಿ ಕರಾವಳಿಯ ಮೀನಾದರೂ ನಮ್ಮ ಬೆಟ್ಟದ ಮನೆಗಳ ಭಾನುವಾರಕ್ಕೆ ಅವು ತೀರಾ ಹತ್ತಿರದ ನೆಂಟರು. 2019ರ ಆಗಸ್ಟ್ ತಿಂಗಳಲ್ಲಿ ಚಾರ್ಮಾಡಿ ಘಾಟಿ ಕುಸಿದು ಸಂಚಾರ ನಿಂತಾಗ, ಒಂದು ಸಣ್ಣ ಸುಖ ಎಷ್ಟು ಜನರ ದುಡಿಮೆಯನ್ನು ನಂಬಿಕೊಂಡಿದೆ ಎಂಬುದು ಎಲ್ಲರಿಗೂ ಅರಿವಾಯಿತು. ಬಲೆ ಬೀಸುವವರು, ಗಾಡಿ ಓಡಿಸುವವರು, ರಸ್ತೆಯ ಮಣ್ಣು ತೆಗೆಯುವವರು – ಇವರಲ್ಲಿ ಒಬ್ಬರು ಇಲ್ಲದಿದ್ದರೂ ನಮ್ಮ ಬಾಣಲೆ ಖಾಲಿ.

ಋತುವಿಗೆ ತಕ್ಕಂತೆ ಸುಖಗಳೂ ವೇಷ ಬದಲಿಸುತ್ತವೆ. ಆಷಾಢದ ಬಿಡದ ಮಳೆಯಲ್ಲಿ ಕೆಂಡದಲ್ಲಿ ಸುಟ್ಟ ಹಲಸಿನ ಬೀಜ, ಕಳಲೆಯ ಪಲ್ಯ, ಕಡುಬು, ಒಲೆಯ ಮುಂದೆ ಒಣಗಲು ಹರವಿದ ಕಂಬಳಿ. ತೋಟದಿಂದ ಬಂದವರು ಕಾಲಿಗೆ ಕಚ್ಚಿದ ಉಂಬಳ ಕಿತ್ತು, ಅದರ ಗಾತ್ರದ ಬಗ್ಗೆ ಸ್ವಲ್ಪ ಉತ್ಪ್ರೇಕ್ಷೆ ಮಾಡಿ ಹೇಳುವುದೂ ಒಂದು ಸುಖವೇ. ಬೇಸಗೆಯಲ್ಲಿ, ಮಾರ್ಚ್ ಇಲ್ಲವೆ ಏಪ್ರಿಲ್ ತಿಂಗಳಲ್ಲಿ, ಹೂಮಳೆ ಬಿದ್ದು ಒಂಬತ್ತು ಹತ್ತು ದಿನವಾಗುವಾಗ ಬೆಟ್ಟಕ್ಕೆ ಬೆಟ್ಟವೇ ಬೆಳ್ಳಗಾಗುತ್ತದೆ. ಮಲ್ಲಿಗೆಯನ್ನು ನೆನಪಿಗೆ ತರುವ ಆ ಕಂಪು ಎರಡು ಮೂರು ದಿನ ಮಾತ್ರ. ಆ ದಿನಗಳಲ್ಲಿ ಒಂದು ಭಾನುವಾರ ಬಂದರೆ ಅದಕ್ಕಿಂತ ದೊಡ್ಡ ಹಬ್ಬ ಬೇಕೇ? ಯಾವ ತೋಟದ ಬೇಲಿಯೂ ಆ ಕಂಪನ್ನು ತಡೆಯುವುದಿಲ್ಲ. ಮಾಲೀಕನ ಬಂಗಲೆಗೂ ಕೂಲಿಯವನ ಜಗಲಿಗೂ ಅದು ಒಂದೇ ಅಳತೆಯಲ್ಲಿ ಬರುತ್ತದೆ.

ಈ ನೆಲದ ಸಣ್ಣ ಸಂಗತಿಗಳನ್ನು ಕಣ್ತುಂಬ ನೋಡುವುದನ್ನು ಕನ್ನಡದ ಓದುಗರಿಗೆ ಕಲಿಸಿದವರು ಮೂಡಿಗೆರೆಯಲ್ಲಿ ನೆಲಸಿ, 2007ರಲ್ಲಿ ನಮ್ಮನ್ನಗಲಿದ ಪೂರ್ಣಚಂದ್ರ ತೇಜಸ್ವಿಯವರು. ಕಾಫಿ ಬೆಳೆಯುತ್ತ, ಗಾಳ ಹಾಕಿ ಮೀನಿಗಾಗಿ ಕಾಯುತ್ತ, ಹಕ್ಕಿಗಳ ಚಿತ್ರ ತೆಗೆಯುತ್ತ ಬಾಳಿದ ಅವರ ಬದುಕನ್ನು ನೆನೆದಾಗ, ಬಿಡುವೆಂದರೆ ಸೋಮಾರಿತನವಲ್ಲ, ಮನಸ್ಸಿಟ್ಟು ನೋಡುವುದಕ್ಕೆ ಸಿಗುವ ಕಾಲ ಎಂದು ತಿಳಿಯುತ್ತದೆ.

ಇನ್ನು ಇಲ್ಲದ್ದನ್ನು ಹೇಳಬೇಕು. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಭಾನುವಾರವೆಂಬುದು ಪಂಚಾಂಗದಲ್ಲಿ ಮಾತ್ರ. ಕೊಯ್ದ ಹಣ್ಣು ಅಂದೇ ಪಲ್ಪರಿಗೆ ಹೋಗಬೇಕು. ಕಣದಲ್ಲಿ ಹರಡಿದ ಕಾಫಿಯನ್ನು ಹೊತ್ತುಹೊತ್ತಿಗೆ ಕೈಯಾಡಿಸಬೇಕು, ಸಂಜೆ ಗುಡ್ಡೆ ಹಾಕಿ ಹೊದಿಸಬೇಕು. ಹೂಮಳೆ ಕೈಕೊಟ್ಟ ವರ್ಷ ಸ್ಪ್ರಿಂಕ್ಲರ್ ಪೈಪುಗಳನ್ನು ಹಗಲಿರುಳೂ ಸಾಗಿಸಬೇಕು. ಕ್ರಿ.ಶ. 321ರಲ್ಲಿ ರೋಮ್ ಚಕ್ರವರ್ತಿ ಕಾನ್‌ಸ್ಟಂಟೈನ್ ಭಾನುವಾರವನ್ನು ಬಿಡುವಿನ ದಿನವೆಂದು ಘೋಷಿಸಿದಾಗ ನ್ಯಾಯಾಲಯಗಳೂ ಪಟ್ಟಣದ ಕಾರ್ಯಾಗಾರಗಳೂ ಮುಚ್ಚಬೇಕೆಂದ. ಆದರೆ ಹೊಲದಲ್ಲಿ ದುಡಿಯುವವರಿಗೆ ಕೆಲಸ ಮಾಡುವ ಸ್ವಾತಂತ್ರ್ಯ ಕೊಟ್ಟ. ಬಿತ್ತನೆಯ ಹದ ತಪ್ಪಬಾರದೆಂಬುದು ಅವನ ಕಾಳಜಿ. ಮಳೆಯೂ ಮಣ್ಣೂ ವಾರ ನೋಡುವುದಿಲ್ಲವೆಂಬುದು ಅಂದೂ ನಿಜ, ಇಂದೂ ನಿಜ. ಆದರೆ ಆ ನಿಜವೇ ಎಷ್ಟೋ ಸಲ ದುಡಿಸುವವರ ಕೈಯಲ್ಲಿ ನೆಪವಾಗುತ್ತದೆ.

ಓದುಗರೇ, ನಾವು ಸಹಜವೆಂದು ಭಾವಿಸಿರುವ ಭಾನುವಾರದ ರಜೆ ನಮ್ಮ ದೇಶದ ಕಾರ್ಮಿಕರಿಗೆ ತಾನಾಗಿ ಬಂದದ್ದಲ್ಲ. ಮುಂಬಯಿಯ ಬಟ್ಟೆ ಗಿರಣಿಗಳ ಕೂಲಿಕಾರರಿಗಾಗಿ ವರ್ಷಗಟ್ಟಲೆ ಹೋರಾಡಿದವರು ಜ್ಯೋತಿಬಾ ಫುಲೆಯವರ ಅನುಯಾಯಿ ನಾರಾಯಣ ಮೇಘಾಜಿ ಲೋಖಂಡೆ. 1884ರಲ್ಲಿ ಅವರು ಕಾರ್ಮಿಕರ ಸಂಘ ಕಟ್ಟಿದರು. 1890ರಲ್ಲಿ ಗಿರಣಿ ಮಾಲೀಕರು ಭಾನುವಾರದ ರಜೆಗೆ ಒಪ್ಪಿದರು. ಆ ಸೀಮೆಯ ದುಡಿಯುವ ಜನರಿಗೆ ಭಾನುವಾರ ಖಂಡೋಬನ ವಾರ. ನಮ್ಮ ಕನ್ನಡ ನಾಡಿನಲ್ಲಿ ಮೈಲಾರಲಿಂಗನೆಂದು ಪೂಜೆಗೊಳ್ಳುವ ದೈವವೇ ಅವನು. ಹೀಗೆ ನಾವು ಪ್ರಭುವಿನ ದಿನವೆಂದು ಆಚರಿಸುವ ಭಾನುವಾರದ ಬಿಡುವನ್ನು ನಮ್ಮ ಕಾರ್ಮಿಕರಿಗೆ ಗಳಿಸಿಕೊಟ್ಟ ಹೋರಾಟದಲ್ಲಿ ಬೇರೆ ನಂಬಿಕೆಯ ಸೋದರರ ಬೆವರಿದೆ. ತೋಟದ ಕೆಲಸಗಾರರಿಗೆ ಏಳು ದಿನಕ್ಕೊಂದು ಬಿಡುವಿನ ದಿನ ಕಾನೂನಿನ ಮಾತಾದದ್ದು ಮತ್ತೂ ತಡವಾಗಿ, 1951ರ ತೋಟ ಕಾರ್ಮಿಕರ ಕಾಯಿದೆಯಲ್ಲಿ. 2025ರ ನವೆಂಬರ್‌ನಲ್ಲಿ ಹೊಸ ಕಾರ್ಮಿಕ ಸಂಹಿತೆಗಳು ಆ ಕಾಯಿದೆಯ ಸ್ಥಾನಕ್ಕೆ ಬಂದವು. ವಾರಕ್ಕೊಂದು ಬಿಡುವೆಂಬ ತತ್ವ ಅವುಗಳಲ್ಲಿಯೂ ಉಳಿದಿದೆ.

ಕಾನೂನಿಗಿಂತ ಬಹಳ ಮೊದಲೇ ಈ ಮಾತನ್ನು ಹೇಳಿದ್ದು ಪವಿತ್ರ ಗ್ರಂಥ. ಸಬ್ಬತ್ ದಿನದ ಆಜ್ಞೆಗೆ ಅದು ಎರಡು ಕಾರಣಗಳನ್ನು ಕೊಡುತ್ತದೆ. ವಿಮೋಚನಾಕಾಂಡದಲ್ಲಿ, ಸೃಷ್ಟಿಕಾರ್ಯ ಮುಗಿಸಿದ ದೇವರು ವಿಶ್ರಮಿಸಿದ್ದರಿಂದ ನೀನೂ ವಿಶ್ರಮಿಸು ಎಂಬುದು ಕಾರಣ. ಧರ್ಮೋಪದೇಶಕಾಂಡದಲ್ಲಿ ಕಾರಣವೇ ಬೇರೆ: ನೀನು ಒಮ್ಮೆ ಈಜಿಪ್ಟಿನಲ್ಲಿ ದಾಸನಾಗಿದ್ದೆ, ಆದ್ದರಿಂದ ನಿನ್ನ ಆಳಿಗೂ ನಿನ್ನಂತೆಯೇ ಬಿಡುವಿರಲಿ. ಅಲ್ಲಿ ಎತ್ತು ಕತ್ತೆಗಳನ್ನೂ ಪರದೇಶಿಯನ್ನೂ ಮರೆತಿಲ್ಲ. ಪ್ರಾರ್ಥನೆಯ ಪಾಠಕ್ಕೆ ನಾವು ಮೊದಲನೆಯದನ್ನು ಬಹಳ ಬಳಸಿದ್ದೇವೆ. ಎರಡನೆಯದು ಮೂಲೆಯಲ್ಲಿ ಉಳಿದಿದೆ. 1998ರಲ್ಲಿ ಜಗದ್ಗುರು ದ್ವಿತೀಯ ಜಾನ್ ಪಾಲರು 'ದಿಯೆಸ್ ದೋಮಿನಿ' ಎಂಬ ಪ್ರೇಷಿತ ಪತ್ರದಲ್ಲಿ, ಪ್ರಭುವಿನ ದಿನವನ್ನು ಬರಿಯ ವಾರಾಂತ್ಯದೊಡನೆ ಬೆರೆಸಬೇಡಿ ಎಂದು ಎಚ್ಚರಿಸಿದರು. ವಾರಾಂತ್ಯವನ್ನು ಒಬ್ಬನೇ ಅನುಭವಿಸಿ ಮುಗಿಸಬಹುದು. ಪ್ರಭುವಿನ ದಿನ ಮಾತ್ರ ಪಕ್ಕದವನಿಗೂ ದೊರೆತಾಗಲೇ ಪೂರ್ಣವಾಗುತ್ತದೆ.

ಹಾಗಾದರೆ ನಮ್ಮ ನಡುವೆ ಬಿಡುವು ಸಿಗದವರು ಯಾರು? ಅತಿಥಿಗಳಿಗಾಗಿ ಹೋಂಸ್ಟೇ ಅಡುಗೆಮನೆಯಲ್ಲಿ ನಸುಕಿಗೇ ರೊಟ್ಟಿ ತಟ್ಟುವ ಹೆಂಗಸರು. ಅವರಿಗೆ ಶನಿವಾರ, ಭಾನುವಾರಗಳೇ ಅತಿ ಭಾರದ ದಿನಗಳು. ಅಸ್ಸಾಮಿನಂಥ ದೂರದ ನಾಡಿನಿಂದ ತೋಟದ ಕೆಲಸಕ್ಕೆ ಬಂದ ಯುವಕರು. ಅವರ ಭಾನುವಾರದ ದೊಡ್ಡ ಸುಖವೆಂದರೆ, ಸಿಗ್ನಲ್ ಸಿಗುವ ರಸ್ತೆಯ ತಿರುವಿನಲ್ಲಿ ನಿಂತು ಮೊಬೈಲ್ ಪರದೆಯ ಮೇಲೆ ತಮ್ಮ ಮಗುವಿನ ಮುಖ ನೋಡುವುದು. ಅವರನ್ನು ನಮ್ಮ ಜಗಲಿಗೆ ಕರೆದು ಒಂದು ಲೋಟ ಕಾಫಿ ಕೊಟ್ಟವರು ಎಷ್ಟು ಮಂದಿ?

ಇಷ್ಟು ದೂರ ಹೋಗುವುದೂ ಬೇಡ, ನಮ್ಮ ಮನೆಯ ಒಳಗೇ ನೋಡೋಣ. ಭಾನುವಾರ ಎಲ್ಲರೂ ತಡವಾಗಿ ಏಳುತ್ತಾರೆ, ತಾಯಿ ಮಾತ್ರ ಬೇಗ ಏಳುತ್ತಾಳೆ. ಅಂದು ತಿಂಡಿ ಬೇರೆ, ಊಟ ಬೇರೆ, ನೆಂಟರು ಬೇರೆ, ವಾರದ ಬಟ್ಟೆಯೂ ಅಂದೇ. ಎಲ್ಲರ ಬಿಡುವನ್ನೂ ಒಬ್ಬಳು ಹೊತ್ತು ತಿರುಗುತ್ತಾಳೆ.

ನಾನು ಬಲ್ಲ ಒಂದು ಮನೆಯಲ್ಲಿ ಇದಕ್ಕೆ ಸರಳವಾದ ಪರಿಹಾರ ಕಂಡುಕೊಂಡರು. ಭಾನುವಾರದ ಬೆಳಗಿನ ತಿಂಡಿ ಅಪ್ಪ, ಮಕ್ಕಳ ಪಾಲು. ಮೊದಮೊದಲು ಅಪ್ಪ ತಟ್ಟಿದ ಅಕ್ಕಿರೊಟ್ಟಿಗೆ ಆಕಾರವೆಂಬುದೇ ಇರಲಿಲ್ಲ. ಮಕ್ಕಳು ಅದರಲ್ಲಿ ಜಿಲ್ಲೆಗಳ ನಕಾಶೆ ಗುರುತಿಸಿ ನಗುತ್ತಿದ್ದರು. ಈಗ ರೊಟ್ಟಿ ದುಂಡಗಾಗಿದೆಯಂತೆ. ಆ ತಾಯಿ ಒಮ್ಮೆ ನನ್ನೊಡನೆ ಹೇಳಿದರು: "ಕಾಫಿ ತೋಟದಲ್ಲೇ ಹುಟ್ಟಿ ಬೆಳೆದವಳು ನಾನು, ಫಾದರ್. ಎಲ್ಲರಿಗೂ ಕೊಟ್ಟು ನಾನು ಕುಡಿಯೋ ಹೊತ್ತಿಗೆ ಕಾಫಿ ಆರಿ ಹೋಗ್ತಿತ್ತು. ಈಗ ಭಾನುವಾರ ಜಗಲೀಲಿ ಕೂತು ಬಿಸಿಬಿಸಿ ಕುಡೀತೀನಿ." ಇಡೀ ದೇಶಕ್ಕೆ ಕಾಫಿ ಕೊಡುವ ಈ ಬೆಟ್ಟಗಳಲ್ಲಿ ಒಬ್ಬ ತಾಯಿಗೆ ಬಿಸಿ ಕಾಫಿ ಕುಡಿಯಲು ಇಷ್ಟು ವರ್ಷ ಬೇಕಾಯಿತು. ಆ ಮಾತು ಕೇಳಿದಂದಿನಿಂದ ಧರ್ಮೋಪದೇಶಕಾಂಡದ ಆ ಭಾಗವನ್ನು ಓದುವಾಗಲೆಲ್ಲ ನನಗೆ ಅವರ ಕೈಯ ಲೋಟ ನೆನಪಾಗುತ್ತದೆ.

ಇಂಥ ಸಣ್ಣ ಏರ್ಪಾಡುಗಳು ಎಲ್ಲೆಡೆ ಸಾಧ್ಯ. ಕಣದ ಕೆಲಸ ನಿಲ್ಲಿಸಲಾಗದಿದ್ದರೆ ಸರದಿ ಹಾಕಬಹುದು. ಅಂದು ದುಡಿದವರಿಗೆ ಹೆಚ್ಚಿನ ಕೂಲಿಯೊಂದಿಗೆ ವಾರದ ನಡುವೆ ಒಂದು ದಿನ ಬಿಡಬಹುದು. ಹೋಂಸ್ಟೇ ನಡೆಸುವವರು ಅಡುಗೆಯವರಿಗೆ ಸೋಮವಾರವನ್ನಾದರೂ ಪೂರ್ತಿಯಾಗಿ ಕೊಡಬಹುದು. ನಮ್ಮಂಥ ಗುರುಗಳಿಗೂ ಭಾನುವಾರವೇ ದುಡಿಮೆಯ ದಿನವಾದ್ದರಿಂದ ಸೋಮವಾರದ ರುಚಿ ನನಗೆ ಚೆನ್ನಾಗಿ ಗೊತ್ತು!

ಆದಿಕಾಂಡದ ಲೆಕ್ಕದಲ್ಲಿ ಮನುಷ್ಯ ಸೃಷ್ಟಿಯಾದದ್ದು ಆರನೆಯ ದಿನ. ಅಂದ ಮೇಲೆ ಅವನು ಕಣ್ಣುಬಿಟ್ಟು ಕಂಡ ಮೊದಲ ಇಡೀ ದಿನವೇ ಬಿಡುವಿನ ದಿನ. ದುಡಿದು ಗಳಿಸುವ ಮೊದಲೇ ಅದು ಅವನಿಗೆ ದಾನವಾಗಿ ಬಂತು. ದಾನವಾಗಿ ಬಂದುದನ್ನು ಒಬ್ಬರೇ ಇಟ್ಟುಕೊಳ್ಳುವುದು ಸಲ್ಲದು.

ಆದ್ದರಿಂದ ಪ್ರಿಯರೇ, ಬರುವ ಭಾನುವಾರ ಎಣ್ಣೆ ಹಚ್ಚಿ ಮೀಯಿರಿ, ಮೀನು ಹುರಿಯಿರಿ, ಮಧ್ಯಾಹ್ನ ಒಂದು ಒಳ್ಳೆಯ ನಿದ್ದೆ ಮಾಡಿ. ಅದರಲ್ಲಿ ಯಾವ ಪಾಪವೂ ಇಲ್ಲ. ಅದಕ್ಕೆ ಮೊದಲು, ನಿಮ್ಮ ಈ ಸುಖಕ್ಕಾಗಿ ನಿಂತೇ ಇರುವವರು ಯಾರೆಂದು ಒಮ್ಮೆ ಸುತ್ತ ನೋಡಿ. ಅವರಿಗೊಂದು ಮಣೆ ಹಾಕಿ ಕೂರಿಸಿ, ಅವರ ಲೋಟಕ್ಕೆ ನೀವೇ ಕಾಫಿ ಬಗ್ಗಿಸಿ ಕೊಡಿ.