ಹೊರದೇಶಕ್ಕೆ ಹೊರಟ ಮಗ, ಮನೆಯ ಎರಡೆಕರೆ

ಸಹೋದರಿಯರೇ, ಇಂಜಿನಿಯರಿಂಗ್ ಮುಗಿಸಿದ ಮಗನಿಗೆ ಹೊರದೇಶದ ವಿಶ್ವವಿದ್ಯಾಲಯದಿಂದ ಪ್ರವೇಶಪತ್ರ ಬಂದರೆ ನೀವು ಮೊದಲು ಸಂತೋಷಪಡುತ್ತೀರೋ, ಹೆದರುತ್ತೀರೋ? ಹಿರೇವಡ್ಡಟ್ಟಿಯ ನಮ್ಮ ಮನೆಯಲ್ಲಿ ಈಗ ಎರಡೂ ಇವೆ. ಮಗನಿಗೆ ಕೆನಡಾದಲ್ಲಿ ಓದುವ ಆಸೆ. ಬಡ್ಡಿಯ ಸಾಲ ಬೇಡವೇ ಬೇಡ ಎಂದು ಅವನ ತಂದೆಯ ನಿಲುವು. ನಮಗಿರುವುದು ಎರಡೆಕರೆ ಎರೆಹೊಲ. ಹೆಸರು, ಕಡಲೆ, ಜೋಳ ಕೊಟ್ಟು ನಮ್ಮನ್ನು ಸಾಕಿದ ಹೊಲ. ಅದನ್ನು ಮಾರಿದರೆ ಮಗ ಹೋಗಬಹುದು. “ಹೊಲಾನೂ ಹೋತು, ಮಗಾನೂ ಹೋದ ಅನ್ನಂಗ ಆಗಬಾರದು ನೋಡವ್ವಾ” ಎಂದು ನೆರೆಮನೆಯ ಹಿರಿಯಾಕೆ ಎಚ್ಚರಿಸಿದ್ದಾರೆ.

ಮಗ ಇದಕ್ಕೆ ಉತ್ತರವಾಗಿ ಹುಬ್ಬಳ್ಳಿಯ ಗುರುರಾಜ ದೇಶಪಾಂಡೆಯವರ ಹೆಸರು ಹೇಳುತ್ತಾನೆ. ಹುಬ್ಬಳ್ಳಿಯೆಂದರೆ ನಮಗೆ ಆಸ್ಪತ್ರೆಗೆ, ಮದುವೆಯ ಬಟ್ಟೆಗೆ ಹೋಗಿಬರುವ ಊರು. ಅಲ್ಲಿ ಹುಟ್ಟಿದ ದೇಶಪಾಂಡೆಯವರು 1973ರಲ್ಲಿ ಮದ್ರಾಸಿನ ಐಐಟಿಯಲ್ಲಿ ಪದವಿ ಪಡೆದು, ಕೆನಡಾಕ್ಕೆ ಹೋಗಿ ಓದಿ ಡಾಕ್ಟರೇಟ್ ಗಳಿಸಿದರು. ಮುಂದೆ ಅಮೆರಿಕದಲ್ಲಿ ನೆಲೆಸಿ ದೊಡ್ಡ ಉದ್ಯಮಿಯಾದರು. ಅವರ ಪತ್ನಿ ಜಯಶ್ರೀ, ನಾವೆಲ್ಲ ಬಲ್ಲ ಸುಧಾ ಮೂರ್ತಿಯವರ ಸಹೋದರಿ.

ಮಗ ಈ ಕಥೆಯ ಕೋಟಿಗಳನ್ನು ಎಣಿಸುತ್ತಾನೆ. ನಾನು ವರ್ಷಗಳನ್ನು ಎಣಿಸುತ್ತೇನೆ. ಪದವಿ ಪಡೆದ ಹದಿನೇಳು ವರ್ಷಗಳ ನಂತರ, 1990ರಲ್ಲಿ, ಅವರು ಕ್ಯಾಸ್ಕೇಡ್ ಕಂಪೆನಿ ಆರಂಭಿಸಿದರು. ಅದಕ್ಕೂ ಮೊದಲು ಕೋರಲ್ ಎಂಬ ಕಂಪೆನಿ ಕಟ್ಟಿ, ಪಾಲುದಾರರೊಂದಿಗೆ ಹೊಂದಾಣಿಕೆಯಾಗದೆ ಹೊರಬಂದಿದ್ದರು. ಕ್ಯಾಸ್ಕೇಡ್ 1997ರಲ್ಲಿ ಭಾರಿ ಬೆಲೆಗೆ ಮಾರಾಟವಾಯಿತು. ಮರುವರ್ಷ ಕಟ್ಟಿದ ಸೈಕಾಮೋರ್ ಮುಗಿಲೆತ್ತರಕ್ಕೇರಿ, 2001ರ ಹೊತ್ತಿಗೆ ಷೇರು ಬೆಲೆ ಕುಸಿಯಿತು. ಕೊನೆಗೆ ಆ ಕಂಪೆನಿಯೇ ಮುಚ್ಚಿತು. ಇಂತಹ ಏರಿಳಿತ ಕಂಪೆನಿಯ ಲೆಕ್ಕಪುಸ್ತಕದಲ್ಲಷ್ಟೇ ಇರುವುದಿಲ್ಲ. ಅದು ಮನೆಯ ಊಟದ ಹೊತ್ತಿಗೂ ಬಂದು ಕೂರುತ್ತದೆ. ಅದನ್ನು ತಾಳುವ ಮನೆ ಬೇಕು.

ನನಗೆ ಮೆಚ್ಚುಗೆಯಾದದ್ದು ಇನ್ನೊಂದು ಸಂಗತಿ. 1996ರಲ್ಲಿ ದೇಶಪಾಂಡೆ ಪ್ರತಿಷ್ಠಾನವನ್ನು ಗಂಡ ಹೆಂಡತಿ ಇಬ್ಬರೂ ಸೇರಿ ಕಟ್ಟಿದರು. 2007ರಿಂದ ಅದರ ಕೆಲಸ ಹುಬ್ಬಳ್ಳಿಯಲ್ಲೂ ಬೇರೂರಿದೆ. ಹಳ್ಳಿಯ ಯುವಕ ಯುವತಿಯರಿಗೆ ತರಬೇತಿ, ರೈತರಿಗೆ ಕೃಷಿಹೊಂಡ. ಮಳೆಯನ್ನೇ ನಂಬಿದ ನಮ್ಮ ಸೀಮೆಯಲ್ಲಿ ಹೊಂಡದ ನೀರಿನ ಬೆಲೆ ಹೇಳಬೇಕಾಗಿಲ್ಲ. ಅವರು ಊರಿಗೆ ಬಂದು ನೆಲೆಸಲಿಲ್ಲ, ಊರನ್ನು ಬಿಡಲೂ ಇಲ್ಲ.

ಆದರೆ ಹೊರದೇಶಕ್ಕೆ ಹೋದವರೆಲ್ಲ ದೇಶಪಾಂಡೆಯಾಗುವುದಿಲ್ಲ. ಕೊಲ್ಲಿ ದೇಶಗಳಲ್ಲಿ ದುಡಿಯುವ ಎಷ್ಟೋ ಮಂದಿಗೆ ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳುವಷ್ಟು ಸಂಬಳವಿಲ್ಲ. ಎರಡು ವರ್ಷಕ್ಕೊಮ್ಮೆ ಬರುವ ತಂದೆಯನ್ನು ಕಂಡು ಮಗು ತಾಯಿಯ ಸೆರಗಿನ ಹಿಂದೆ ಅಡಗುತ್ತದೆ. ಇಲ್ಲಿ ಅತ್ತೆ ಮಾವಂದಿರ ಔಷಧಿ, ಮಕ್ಕಳ ಶಾಲೆ ಎಲ್ಲವೂ ಒಬ್ಬ ಹೆಣ್ಣಿನ ಹೆಗಲ ಮೇಲೆ. ಅವಳ ದುಡಿಮೆಯನ್ನು ಯಾರೂ ಲೆಕ್ಕ ಹಿಡಿಯುವುದಿಲ್ಲ.

ಹಾಗಾಗಿ ನಾನು ಮಗನನ್ನು ತಡೆಯಲಿಲ್ಲ, ಆದರೆ ಲೆಕ್ಕ ಕೇಳಿದೆ. ನನಗೊಬ್ಬಳು ಮಗಳೂ ಇದ್ದಾಳೆ. ಗದಗಿನಲ್ಲಿ ಬಿ.ಎಸ್ಸಿ. ಓದುತ್ತಿದ್ದಾಳೆ. ಒಬ್ಬ ಮಗನಿಗಾಗಿ ಇರುವುದೆಲ್ಲವನ್ನೂ ಮಾರಿ ಇನ್ನೊಂದು ಮಗುವನ್ನು ಬರಿಗೈಯಲ್ಲಿ ಕೂರಿಸುವುದು ನ್ಯಾಯವೇ? ಮಕ್ಕಳ ನಡುವೆ ಸಮಾನವಾಗಿ ನಡೆದುಕೊಳ್ಳಬೇಕೆಂದು ನಮ್ಮ ಧರ್ಮ ಕಲಿಸಿದೆಯಲ್ಲವೇ? ಈ ಮಾತನ್ನು ಗಂಡ, ಮಗ, ಮಗಳು ಎಲ್ಲರೂ ಕುಳಿತಿದ್ದಾಗಲೇ ಹೇಳಿದೆ. ಬಹಳ ಹೊತ್ತು ಯಾರೂ ಮಾತಾಡಲಿಲ್ಲ.

ಕೊನೆಗೆ ಒಂದೆಕರೆ ಮಾತ್ರ ಮಾರುವುದೆಂದು ತೀರ್ಮಾನವಾಯಿತು. ಆ ಹಣ ಮಗನಿಗೆ ಬಡ್ಡಿಯಿಲ್ಲದ ಸಾಲ. ಕಾಗದದ ಮೇಲೆ ಬರೆದಿಟ್ಟಿದ್ದೇವೆ. ಅವನು ದುಡಿಯತೊಡಗಿದ ಮೇಲೆ ತಂಗಿಯ ಮುಂದಿನ ಓದಿನಿಂದಲೇ ತೀರಿಸಲು ಆರಂಭಿಸಬೇಕು. ಕೊರತೆ ಬಿದ್ದ ಹಣಕ್ಕಾಗಿ ಒಂದು ವರ್ಷ ಇಲ್ಲೇ ಕೆಲಸ ಮಾಡಬೇಕು. ಪ್ರವೇಶವನ್ನು ಮುಂದೂಡಲು ಅವನು ಪತ್ರ ಬರೆದಿದ್ದಾನೆ, ಉತ್ತರ ಇನ್ನೂ ಬಂದಿಲ್ಲ. ಮದುವೆಯಾದರೆ ಹೆಂಡತಿಯನ್ನು ಜೊತೆಗೆ ಕರೆದೊಯ್ಯುವ ಶಕ್ತಿ ಬಂದ ಮೇಲೆಯೇ ಆಗಬೇಕೆಂದೂ ಹೇಳಿದ್ದೇನೆ.

ಸಹೋದರಿಯರೇ, ನಿಮ್ಮ ಮಕ್ಕಳೂ ಹೊರಡಲಿ. ಆದರೆ ಪಾಸ್‌ಪೋರ್ಟ್ ಮಾಡಿಸುವ ಮೊದಲು ಒಮ್ಮೆ ಮನೆಯವರೆಲ್ಲ ಒಟ್ಟಿಗೆ ಕುಳಿತುಕೊಳ್ಳಿ. ಆ ಮಾತುಕತೆಯಲ್ಲಿ ನಿಮ್ಮ ಹೆಣ್ಣುಮಕ್ಕಳೂ ಇರಲಿ.