ಕೈಗೆ ತಕ್ಕ ಕೀಲಿಮಣೆ

ರೈತನಿಗೆ ನೇಗಿಲು, ದರ್ಜಿಗೆ ಕತ್ತರಿ ಹೇಗೋ ಕನ್ನಡ ಹಸ್ತಪ್ರತಿಗಳನ್ನು ಗಣಕಯಂತ್ರಕ್ಕೆ ಇಳಿಸಿಕೊಡುವ ನನ್ನಂಥವರಿಗೆ ಕೀಲಿಮಣೆಯೂ ಹಾಗೆಯೇ. ಅದರ ಮೇಲೆ ಬೆರಳಾಡಿದರೆ ಮಾತ್ರ ಮನೆಯ ಒಲೆ ಉರಿಯುತ್ತದೆ. ಹನ್ನೊಂದು ವರ್ಷ ನನ್ನ ಮೇಜಿನ ಮೇಲಿದ್ದ, ನಡುವೆ ಉಬ್ಬಿ ಎರಡು ಪಾಲಾಗಿ ಬಾಗಿದ್ದ ಕೀಲಿಮಣೆಯು ಕಳೆದ ವರ್ಷ ತನ್ನ ಆಯುಷ್ಯವನ್ನು ಮುಗಿಸಿತು. ಅದೇ ಮಾದರಿಯನ್ನು ತರೋಣವೆಂದರೆ ಅದರ ತಯಾರಿಕೆಯೇ ನಿಂತಿದೆ ಎಂಬ ಉತ್ತರ ದೊರೆಯಿತು. ಅದೇ ಹೊತ್ತಿಗೆ ಎಡಗೈಯ ಮಣಿಕಟ್ಟಿನಿಂದ ಕಿರುಬೆರಳಿನವರೆಗೆ ನೋವು ಹಬ್ಬತೊಡಗಿತ್ತು. ಕೈಯನ್ನು ಈಗ ಕಾಪಾಡಿಕೊಳ್ಳದಿದ್ದರೆ ಮುಂದೆ ಈ ಕಸುಬನ್ನೇ ಬಿಡಬೇಕಾದೀತು ಎಂದು ವೈದ್ಯರು ಎಚ್ಚರಿಸಿದರು. ಹೀಗಾಗಿ ಒಂದು ಸಣ್ಣ ಖರೀದಿಯು ನನ್ನ ಪಾಲಿಗೆ ದೊಡ್ಡ ವಿಚಾರವಾಯಿತು.

ನಾವು ದಿನವೂ ಬಳಸುವ ನೇರವಾದ ಕೀಲಿಮಣೆಯು ಮನುಷ್ಯನ ಕೈಯನ್ನು ಅಳೆದು ಮಾಡಿದ್ದಲ್ಲ. 1868ರಲ್ಲಿ ಅಮೆರಿಕದ ಕ್ರಿಸ್ಟೋಫರ್ ಶೋಲ್ಸ್ ಮತ್ತು ಸಂಗಡಿಗರು ಬೆರಳಚ್ಚು ಯಂತ್ರಕ್ಕೆ ಪೇಟೆಂಟ್ ಪಡೆದರು. 1874ರಲ್ಲಿ ರೆಮಿಂಗ್ಟನ್ ಸಂಸ್ಥೆ ಅದನ್ನು ಮಾರುಕಟ್ಟೆಗೆ ತಂದಿತು. ಪ್ರತಿ ಕೀಲಿಯ ಕೆಳಗೂ ಒಂದೊಂದು ಸನ್ನೆಗೋಲು ಇದ್ದುದರಿಂದ, ಅವು ಒಂದಕ್ಕೊಂದು ತಾಗದಿರಲೆಂದು ಸಾಲುಗಳನ್ನು ಓರೆಯಾಗಿ ಜೋಡಿಸಬೇಕಾಯಿತು. ಸನ್ನೆಗೋಲುಗಳು ಹೋಗಿ ದಶಕಗಳೇ ಕಳೆದಿವೆ. ಓರೆಯ ಸಾಲುಗಳು ಮಾತ್ರ ಉಳಿದಿವೆ. 1926ರಷ್ಟು ಹಿಂದೆಯೇ ಜರ್ಮನಿಯ ಕ್ಲಾಕನ್‌ಬರ್ಗ್ ಎಂಬವರು ಕೀಲಿಮಣೆಯನ್ನು ಬಲ ಎಡಗಳಾಗಿ ಒಡೆಯಬೇಕೆಂದು ಸೂಚಿಸಿದ್ದರು. 1972ರಲ್ಲಿ ಕಾರ್ಲ್ ಕ್ರೋಮರ್ ಇದೇ ವಿಚಾರವನ್ನು ಪ್ರಯೋಗಕ್ಕೆ ಒಳಪಡಿಸಿದರು. ಮೈಕ್ರೋಸಾಫ್ಟ್ ಸಂಸ್ಥೆಯ ‘ನ್ಯಾಚುರಲ್’ ಕೀಲಿಮಣೆಯು 1994ರಲ್ಲಿ ಬಂದ ಮೇಲೆಯೇ ಈ ಆಕಾರವು ಸಾಮಾನ್ಯರ ಕಣ್ಣಿಗೆ ಬಿದ್ದದ್ದು.

ಒಡೆಯುವುದರಿಂದ ಏನು ಲಾಭ? ನಿಮ್ಮ ಎರಡೂ ಕೈಗಳನ್ನು ಈಗಲೇ ಮೇಜಿನ ಮೇಲೆ ಒಂದರ ಪಕ್ಕ ಒಂದಿಟ್ಟು ನೋಡಿ. ಮೊಣಕೈಗಳು ದೂರವಿದ್ದು ಬೆರಳುಗಳು ಹತ್ತಿರ ಬಂದಾಗ ಮಣಿಕಟ್ಟುಗಳು ಕಿರುಬೆರಳಿನ ಕಡೆಗೆ ಸೊಟ್ಟಗಾಗುತ್ತವೆ. ಅಂಗೈ ಪೂರ್ತಿ ಕವುಚಿದಾಗ ಮುಂಗೈಯ ಎಲುಬುಗಳು ತಿರುಚಿಕೊಳ್ಳುತ್ತವೆ. ಕೀಲಿಮಣೆಯ ಹಿಂಬದಿಯ ಪುಟ್ಟ ಕಾಲುಗಳನ್ನು ಎತ್ತಿ ನಿಲ್ಲಿಸಿದರೆ ಮಣಿಕಟ್ಟು ಮೇಲಕ್ಕೂ ಬಾಗುತ್ತದೆ. ಒಡೆದ ಕೀಲಿಮಣೆಯ ಎರಡು ಪಾಲುಗಳನ್ನು ಭುಜದಗಲಕ್ಕೆ ಸರಿಸಿ, ನಡುವಿನ ಅಂಚನ್ನು ತುಸು ಎತ್ತಿದರೆ ಈ ಸೊಟ್ಟವೂ ತಿರುಚೂ ಕಡಿಮೆಯಾಗುತ್ತವೆ.

ಕನ್ನಡ ಬರೆಯುವವರಿಗೆ ಇನ್ನೊಂದು ಹೊರೆಯಿದೆ. ಕೆ. ಪಿ. ರಾವ್ ಅವರು ರೂಪಿಸಿದ, ‘ನುಡಿ’ ತಂತ್ರಾಂಶದ ಮೂಲಕ ಮನೆಮಾತಾದ ವಿನ್ಯಾಸವು ಬಹಳ ಜಾಣತನದ್ದು. ಇಂಗ್ಲಿಷಿನ ಕೀಲಿಗಳಲ್ಲೇ ನಮ್ಮ ಅಕ್ಷರಮಾಲೆಯೆಲ್ಲವೂ ಅಡಗಿದೆ. ಆದರೆ ಮಹಾಪ್ರಾಣಗಳಿಗೆ, ದೀರ್ಘ ಸ್ವರಗಳಿಗೆ, ಣಕಾರ ಳಕಾರಗಳಿಗೆ ಶಿಫ್ಟ್ ಕೀಲಿ ಬೇಕೇ ಬೇಕು. ‘ಖಾನಾವಳಿ’ ಎಂಬ ಒಂದೇ ಪದದಲ್ಲಿ ನಾಲ್ಕು ಚಿಹ್ನೆಗಳು ಅದನ್ನು ಬೇಡುತ್ತವೆ. ಈ ಎಲ್ಲ ಭಾರವನ್ನು ಹೊರುವುದು ಕೈಯ ಅತ್ಯಂತ ದುರ್ಬಲವಾದ ಕಿರುಬೆರಳು! ಬಲಿಷ್ಠವಾದ ಹೆಬ್ಬೆರಳಿಗೋ ಪದಗಳ ನಡುವೆ ಖಾಲಿ ಜಾಗ ಬಿಡುವ ಕೆಲಸವೊಂದೇ. ನನ್ನ ನೋವಿನ ಮೂಲ ನನಗೆ ಹೊಳೆದದ್ದು ಇಲ್ಲಿಯೇ.

ಆದುದರಿಂದ ಹಳೆಯದರ ಪಡಿಯಚ್ಚನ್ನು ಹುಡುಕುವ ಬದಲು ಕೈಗೆ ಈಗ ಬೇಕಾದುದೇನೆಂದು ಪಟ್ಟಿ ಮಾಡಿದೆ. ಎರಡು ಪಾಲುಗಳು ಬೇರೆಬೇರೆಯಾಗಿ ಇರಬೇಕು. ಹೆಬ್ಬೆರಳಿನ ಬಳಿ ಹೆಚ್ಚು ಕೀಲಿಗಳಿದ್ದು, ಶಿಫ್ಟ್ ಕೀಲಿಯನ್ನು ಅಲ್ಲಿಗೆ ವರ್ಗಾಯಿಸಲು ಬರಬೇಕು. ಬಲಬದಿಯ ಅಂಕಿಗಳ ಕಟ್ಟು ಇರಬಾರದು. ಅದಿದ್ದರೆ ಮೌಸ್ ದೂರ ಸರಿದು ಭುಜ ಚಾಚಬೇಕಾಗುತ್ತದೆ. ಒತ್ತುವುದಕ್ಕೆ ಹಗುರವಾಗಿರಬೇಕು. ಸುಮಾರು 45 ಗ್ರಾಂ ಒತ್ತಡಕ್ಕೆ ಇಳಿಯುವ ಬಿಡಿಬಿಡಿ ಸ್ವಿಚ್ಚುಗಳಿರುವ ಕೀಲಿಮಣೆಗಳಿವೆ. ಅವುಗಳಲ್ಲಿ ತಳ ಮುಟ್ಟುವ ಮೊದಲೇ ಅಕ್ಷರ ಮೂಡುತ್ತದೆ. ರಬ್ಬರ್ ಗುಮ್ಮಟಗಳಿರುವ ಅಗ್ಗದ ಕೀಲಿಮಣೆಗಳನ್ನಾದರೋ ಸಾಮಾನ್ಯವಾಗಿ ತಳದವರೆಗೆ ಒತ್ತಲೇಬೇಕು.

ಬೆಲೆ ಕೇಳಿದಾಗ ಎದೆ ನಡುಗಿತು. ಸಾಧಾರಣ ಕೀಲಿಮಣೆಯ ಹಲವು ಪಟ್ಟು! ‘ಇಷ್ಟು ಹಣ ಸುರಿಯಬೇಕೇ?’ ಎಂದು ಮನೆಯವರನ್ನು ಕೇಳಿದೆ. ‘ಹೊಲಿಗೆಯಂತ್ರ ಕೊಳ್ಳುವಾಗ ನನ್ನನ್ನು ಹೀಗೆ ಕೇಳಿದ್ದಿರಾ?’ ಎಂದು ಅವಳು ನಕ್ಕಳು. ನನ್ನ ಚೌಕಾಶಿ ಅಲ್ಲಿಗೆ ಮುಗಿಯಿತು.

ಮೊದಲ ಎರಡು ವಾರ ನಾನು ಅಕ್ಷರಾಭ್ಯಾಸದ ಮಗುವಾದೆ. ದಿನಕ್ಕೆ ಮೂವತ್ತು ಪುಟ ಇಳಿಸುತ್ತಿದ್ದವನಿಗೆ ಎಂಟು ಪುಟ ದಾಟುವುದೂ ಕಷ್ಟವಾಯಿತು. ಬೆರಳಿನ ಹಳೆಯ ರೂಢಿ ಅಷ್ಟು ಬೇಗ ಬಿಡುತ್ತದೆಯೇ? ಆದರೆ ತಿಂಗಳು ಕಳೆಯುವಷ್ಟರಲ್ಲಿ ಹೆಬ್ಬೆರಳು ಹೊಸ ಜವಾಬ್ದಾರಿಯನ್ನು ಒಪ್ಪಿಕೊಂಡಿತು. ಕಿರುಬೆರಳಿನ ನೋವು ಇಳಿಯುತ್ತ ಬಂದಿತು. ಪೂರ್ತಿ ಹೋಗಿದೆಯೆಂದು ಹೇಳಲಾರೆ. ಕೀಲಿಮಣೆಯು ಔಷಧವಲ್ಲ. ಮೊಣಕೈಯ ಮಟ್ಟಕ್ಕೆ ಮೇಜು, ಬೆನ್ನಿಗೆ ಆಸರೆ, ಆಗಾಗ ಎದ್ದು ಕೈ ಕೊಡವುವ ಬಿಡುವು, ಇವಿಲ್ಲದಿದ್ದರೆ ಎಷ್ಟು ಬೆಲೆಯ ಉಪಕರಣವೂ ವ್ಯರ್ಥವೇ.

ಓದುಗರೇ, ನಿಮ್ಮ ಮನೆಯಲ್ಲಿಯೂ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ರಾತ್ರಿಯವರೆಗೆ ದುಡಿಯುವ ಮಗಳೋ ಸೊಸೆಯೋ ಇರಬಹುದು. ‘ಕೈ ಜುಮ್ಮೆನ್ನುತ್ತದೆ’ ಎಂದು ಅವರು ಹೇಳಿದರೆ ಹಗುರವಾಗಿ ತೆಗೆದುಕೊಳ್ಳಬೇಡಿ. ಹೆಬ್ಬೆರಳು, ತೋರುಬೆರಳು, ನಡುಬೆರಳುಗಳು ರಾತ್ರಿಯಲ್ಲಿ ಮರಗಟ್ಟಿದರೆ ಅದು ಮಣಿಕಟ್ಟಿನೊಳಗಿನ ನರವು ಒತ್ತಡಕ್ಕೆ ಸಿಕ್ಕಿರುವ ಸೂಚನೆಯಾಗಿರಬಹುದು; ವೈದ್ಯರನ್ನು ಕಾಣಲು ತಡಮಾಡಬಾರದು. ಹಿಂಬದಿಯ ಕಾಲುಗಳನ್ನು ಮಡಚುವುದಕ್ಕೆ, ಕುರ್ಚಿಯನ್ನು ಎತ್ತರಿಸುವುದಕ್ಕೆ ಯಾವ ಖರ್ಚೂ ಇಲ್ಲ.

ಉಪಕರಣಕ್ಕೆ ತಕ್ಕಂತೆ ಬಗ್ಗುವುದನ್ನೇ ನಾವು ಸಹನೆಯೆಂದು ಭಾವಿಸುತ್ತೇವೆ. ದಣಿದ ಕೈಯ ದೂರನ್ನು ಸಕಾಲದಲ್ಲಿ ಕೇಳಿಸಿಕೊಳ್ಳುವುದೂ ವಿವೇಕವೇ. ಉಪಕರಣವನ್ನು ಬದಲಿಸಬಹುದು, ಕೈಗೆ ಬದಲಿಯಿಲ್ಲ.